ಬಿಎಂಐ ನೋಡಬೇಕೋ, ಸೊಂಟ ಅಳೆಯಬೇಕೋ?

ಮನೆಯಲ್ಲೇ ಬೊಜ್ಜಿನ ಮೇಲೆ ಕಣ್ಣಿಡಲು ಯಾವುದು ಸರಿ ಎಂಬುದು ನಿಮ್ಮ ಮೈಕಟ್ಟನ್ನು ಅವಲಂಬಿಸಿದೆ.

ಬಿಎಂಐ (ಬಾಡಿ ಮಾಸ್ ಇಂಡೆಕ್ಸ್) ಎಂದರೆ ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ಹೇಳುವ ಲೆಕ್ಕ; ಇದಕ್ಕೆ ತೂಕದ ಯಂತ್ರ ಬೇಕು. ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ (ಎತ್ತರ × ಎತ್ತರ) ಭಾಗಿಸಿ: 68 ಕಿಲೋ, 1.65 ಮೀಟರ್ ಇದ್ದರೆ 25. ಎತ್ತರವನ್ನು 2 ಸೆಂ.ಮೀ. ಹೆಚ್ಚಿಗೆ ಹೇಳಿಕೊಂಡರೆ (ಹೇಳಿಕೊಳ್ಳುವವರೇ ಬಹಳ) ಅದೇ 24.4! ಭಾರತೀಯರಿಗೆ 23ರಿಂದ ಅಧಿಕ ತೂಕ, 25ರಿಂದ ಬೊಜ್ಜು. ಆ್ಯಪ್ ಅಧಿಕ ತೂಕಕ್ಕೆ 25, ಬೊಜ್ಜಿಗೆ 30 ಎಂಬ ಅಂತರರಾಷ್ಟ್ರೀಯ ಗೆರೆ ತೋರಿಸಿದರೆ ನಂಬಿ ನಿರಾಳರಾಗಬೇಡಿ.

ಸೊಂಟಕ್ಕೆ ದರ್ಜಿಯ ಟೇಪು ಸಾಕು, ಆದರೆ ಅಳೆಯುವ ಜಾಗದಲ್ಲೇ ಎಡವಟ್ಟಾಗುವುದು. ಪ್ಯಾಂಟ್ ಕಟ್ಟುವ ಕಡೆ ಅಲ್ಲ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚಿನ ನಡುಮಧ್ಯೆ, ಬರಿಮೈ ಮೇಲೆ, ಸಹಜವಾಗಿ ಉಸಿರು ಬಿಟ್ಟಾಗ ಅಳೆಯಿರಿ. ಹೊಟ್ಟೆ ಒಳಗೆಳೆದುಕೊಂಡರೆ ಲೆಕ್ಕ ಹಾಳು. ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಮಿತಿ. ತೀರಾ ಕುಳ್ಳಗೆ ಅಥವಾ ಎತ್ತರವಾಗಿರುವವರಿಗೆ ಈ ಒಂದೇ ಗೆರೆ ಹೊಂದದು. ಅಂಥವರು ಸೊಂಟ ಎತ್ತರದ ಅರ್ಧ ದಾಟಿದೆಯೇ ನೋಡಿಕೊಳ್ಳಲಿ.

ಬಿಎಂಐಗೆ ಸ್ನಾಯು ಯಾವುದು, ಕೊಬ್ಬು ಯಾವುದು ಗೊತ್ತಾಗದು. ಗರಡಿಯ ಪೈಲ್ವಾನನನ್ನೂ ಅದು ಬೊಜ್ಜಿನವರ ಸಾಲಿಗೆ ಸೇರಿಸುತ್ತದೆ; ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಡೊಳ್ಳು ಇರುವವರನ್ನು ಪಾಸು ಮಾಡುತ್ತದೆ. ಸಕ್ಕರೆ ಕಾಯಿಲೆಯ ಅಪಾಯ ಹೆಚ್ಚಿರುವುದು ಈ ಎರಡನೆಯವರಿಗೇ. ಇಬ್ಬರಿಗೂ ಟೇಪೇ ಮೇಲು.

ತೂಕ ತೀರಾ ಕಡಿಮೆ ಎಂಬ ಅನುಮಾನವಿದ್ದರೆ ಬಿಎಂಐ ನೋಡಿ, 18.5ಕ್ಕಿಂತ ಕೆಳಗಿದ್ದರೆ ವೈದ್ಯರನ್ನು ಕಾಣಿ. ಮಕ್ಕಳಿಗೆ ವಯಸ್ಸಿನ ಬೆಳವಣಿಗೆ ಪಟ್ಟಿಯೇ ಬೇಕು. ಬಸುರಿಯರಿಗೆ ಈ ಯಾವ ಗೆರೆಯೂ ಅನ್ವಯಿಸದು.