‘ತೆರಿಗೆ ಸೊನ್ನೆ ಮಾಡಿಕೊಡ್ತೀನಿ’ ಅನ್ನುವವರಿಂದ ದೂರ ಇರಿ

ಅಂಗಡಿ ಇಟ್ಟುಕೊಂಡವರು, ಮನೆ ಬಾಡಿಗೆಗೆ ಕೊಟ್ಟವರು ದಯವಿಟ್ಟು ಪೂರ್ತಿ ಓದಿ. ಮೈಸೂರಿನ ನಮ್ಮ ಭಾವನವರಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ಭಾವನವರದು ಸ್ಟೇಷನರಿ ಅಂಗಡಿ. ಅವರಿರುವುದು ತಂದೆಯ ಮನೆಯಲ್ಲಿ. ಬ್ಯಾಂಕ್ ಸಾಲದಲ್ಲಿ ಕೊಂಡ ಇನ್ನೊಂದು ಮನೆಯನ್ನು ತಿಂಗಳಿಗೆ 25 ಸಾವಿರಕ್ಕೆ ಬಾಡಿಗೆಗೆ ಕೊಟ್ಟಿದ್ದಾರೆ. 2022-23ರ ಆದಾಯ ತೆರಿಗೆ ರಿಟರ್ನ್ಸ್ ಹಾಕಿಸಲು ಯಾರೋ ಒಬ್ಬ ಏಜೆಂಟನನ್ನು ತೋರಿಸಿದರು. "ಅಂಗಡಿ ಲಾಭ ನಾಲ್ಕೂವರೆ ಲಕ್ಷ, ಬಾಡಿಗೆ ಮೂರು ಲಕ್ಷ. 65 ಸಾವಿರ ಟ್ಯಾಕ್ಸ್ ಬರುತ್ತೆ ಸಾರ್. ನಾನು ಸೊನ್ನೆ ಮಾಡಿಕೊಡ್ತೀನಿ, ಉಳಿದಿದ್ರಲ್ಲಿ ಇಪ್ಪತ್ತು ಪರ್ಸೆಂಟ್ ನನಗೆ" ಅಂದ. ಭಾವ ನಂಬಿ 13 ಸಾವಿರ ಕೊಟ್ಟರು.

ಮೊನ್ನೆ ಅಂಗಡಿ ಸಾಲಕ್ಕೆಂದು ಬ್ಯಾಂಕಿನವರು ಹಳೆಯ ರಿಟರ್ನ್ಸ್ ಕೇಳಿದರು. ಬೇರೆ ಆಡಿಟರ್ ಹತ್ತಿರ ಆದಾಯ ತೆರಿಗೆ ಪೋರ್ಟಲ್ ತೆಗೆಸಿದಾಗ ಗೊತ್ತಾಯಿತು: ಪಕ್ಷಗಳಿಗೆ ಕೊಟ್ಟ ದೇಣಿಗೆಯನ್ನು ಆದಾಯದಿಂದ ಕಳೆಯಲು ಬಿಡುವ 80ಜಿಜಿಸಿ ಸೆಕ್ಷನ್ ಅಡಿಯಲ್ಲಿ, ರಾಜಕೀಯ ಪಕ್ಷಕ್ಕೆ ಎರಡೂವರೆ ಲಕ್ಷ ದೇಣಿಗೆ ಕೊಟ್ಟಂತೆ ಏಜೆಂಟ್ ತೋರಿಸಿದ್ದಾನೆ! ಭಾವ ಯಾವ ಪಕ್ಷಕ್ಕೂ ಒಂದು ರೂಪಾಯಿ ಕೊಟ್ಟವರಲ್ಲ. ಪೋರ್ಟಲ್‌ನಲ್ಲಿದ್ದ ಇಮೇಲೂ ಅವರದಲ್ಲ, ಅವನೇ ಸೃಷ್ಟಿಸಿದ್ದು. ಇಲಾಖೆಯ ನೋಟಿಸುಗಳು ಅಲ್ಲಿಗೇ ಹೋಗಿ ಉತ್ತರವಿಲ್ಲದೆ ಬಿದ್ದಿದ್ದವು. ಏಜೆಂಟನ ಫೋನ್ ಸ್ವಿಚ್ ಆಫ್.

ನನಗೆ ಹೊಟ್ಟೆ ಉರಿದದ್ದು ಆಡಿಟರ್ ಸರಿಯಾದ ಲೆಕ್ಕ ಬರೆದು ತೋರಿಸಿದಾಗ. ಆ ಏಜೆಂಟ್ ಪುಣ್ಯಾತ್ಮ ಬಾಡಿಗೆಯನ್ನು ‘ಇತರ ಮೂಲದ ಆದಾಯ’ಕ್ಕೆ ಹಾಕಿದ್ದ. ಅದು ಹೋಗಬೇಕಾದದ್ದು ‘ಮನೆ ಆಸ್ತಿಯ ಆದಾಯ’ಕ್ಕೆ. ಮೂರು ಲಕ್ಷದಲ್ಲಿ ಪಾಲಿಕೆಗೆ ಕಟ್ಟಿದ ಕಂದಾಯ 15 ಸಾವಿರ ಕಳೆದರೆ 2,85,000. ಅದರ ಮೇಲೆ ಕಾನೂನೇ ಕೊಡುವ ಶೇ 30 ಕಡಿತ 85,500; ಇದಕ್ಕೆ ರಿಪೇರಿ ಬಿಲ್ಲು ಯಾವುದೂ ಬೇಕಿಲ್ಲ. ಆಮೇಲೆ ಸಾಲದ ಬಡ್ಡಿ ಒಂದೂವರೆ ಲಕ್ಷ. ಉಳಿಯುವುದು 49,500 ಮಾತ್ರ.

ಅಂಗಡಿಯದು 44ಎಡಿ ಸೆಕ್ಷನ್ ಲೆಕ್ಕ, ಅಂದರೆ ವಹಿವಾಟಿನ ಇಂತಿಷ್ಟು ಶೇಕಡಾವನ್ನೇ ಲಾಭ ಅಂತ ತೋರಿಸುವುದು: ನಗದು ವಹಿವಾಟು 30 ಲಕ್ಷಕ್ಕೆ ಶೇ 8, ಯುಪಿಐ ಮತ್ತು ಬ್ಯಾಂಕಿಗೆ ಬಂದ 35 ಲಕ್ಷಕ್ಕೆ ಶೇ 6, ಅಂದರೆ ನಾಲ್ಕೂವರೆ ಲಕ್ಷ. ಎರಡೂ ಸೇರಿ 4,99,500. ಆ ವರ್ಷ ಹಳೆಯ ಪದ್ಧತಿಯಲ್ಲಿ ಐದು ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಪೂರ್ತಿ ಬಿಡುವ 87ಎ ರಿಯಾಯಿತಿ ಇತ್ತು. ಪ್ರಾಮಾಣಿಕವಾಗಿ ಹಾಕಿದ್ದರೂ ತೆರಿಗೆ ಸೊನ್ನೆಯೇ! ಈಗ ಸುಳ್ಳು ದೇಣಿಗೆಯ ಹಣೆಪಟ್ಟಿ ಭಾವನವರ ಮೇಲಿದೆ. ತಪ್ಪು ಮಾಹಿತಿ ಕೊಟ್ಟಿದ್ದಕ್ಕೆ 270ಎ ಸೆಕ್ಷನ್ ಅಡಿಯಲ್ಲಿ ತೆರಿಗೆಯ ಎರಡು ಪಟ್ಟು ದಂಡ ಹಾಕಬಹುದು. ಏಜೆಂಟ್ ಹಾಕಿದ ಲೆಕ್ಕವನ್ನೇ ಇಟ್ಟುಕೊಂಡು ದೇಣಿಗೆಯನ್ನು ಮಾತ್ರ ತೆಗೆದುಹಾಕಿದರೆ 65 ಸಾವಿರ ತೆರಿಗೆಗೆ 1.30 ಲಕ್ಷ ದಂಡ, ಬಡ್ಡಿ ಬೇರೆ. ಆಡಿಟರ್ ಉತ್ತರ ಸಿದ್ಧಪಡಿಸುತ್ತಿದ್ದಾರೆ, ಏನಾಗುತ್ತದೋ ನೋಡಬೇಕು. ಅತ್ತ ಅಕ್ಕನಿಗೆ ನಿದ್ದೆಯಿಲ್ಲ.

ಇಂಥ ಸುಳ್ಳು ಕಡಿತಗಳ ಹಿಂದೆ ಇಲಾಖೆ ಬಿದ್ದಿದೆ. 2025ರ ಜುಲೈನಲ್ಲಿ ದೇಶದ 150 ಕಡೆ ಶೋಧ ನಡೆಸಿತು. ತಾತ್ಕಾಲಿಕ ಇಮೇಲ್ ಸೃಷ್ಟಿಸಿ ಸಾಲುಸಾಲಾಗಿ ರಿಟರ್ನ್ಸ್ ಹಾಕುವವರ ಬಗ್ಗೆ ಆಗ ಇಲಾಖೆಯೇ ಹೇಳಿತ್ತು. ಉಳಿಸಿದ ತೆರಿಗೆಯಲ್ಲಿ ಪಾಲು ಕೇಳುವವನಿಗೆ ನಿಮ್ಮ ಪಾಸ್‌ವರ್ಡ್ ಕೊಡಲೇಬೇಡಿ. ಒಳ್ಳೆಯ ಆಡಿಟರ್ ಕೆಲಸಕ್ಕೆ ಫೀಸು ತೆಗೆದುಕೊಳ್ಳುತ್ತಾರೆ, ಪಾಲು ಕೇಳುವುದಿಲ್ಲ.

ಹೊಸ ತೆರಿಗೆ ಪದ್ಧತಿಗೆ ಹೋದವರಿಗೂ ಬಾಡಿಗೆ ಮನೆಯ ಶೇ 30 ಕಡಿತ, ಸಾಲದ ಬಡ್ಡಿ ಎರಡೂ ಸಿಗುತ್ತವೆ. ಬಡ್ಡಿ ಜಾಸ್ತಿಯಾಗಿ ನಷ್ಟ ಬಂದರೆ ಮಾತ್ರ ಅಂಗಡಿ ಲಾಭದಲ್ಲಿ ಕಳೆಯುವಂತಿಲ್ಲ. ಕಂದಾಯವನ್ನು ಆ ವರ್ಷವೇ ಕಟ್ಟಿರಬೇಕು, ಬಾಕಿ ಇಟ್ಟಿದ್ದು ಲೆಕ್ಕಕ್ಕಿಲ್ಲ. ಬ್ಯಾಂಕಿನಿಂದ ಬಡ್ಡಿ ಸರ್ಟಿಫಿಕೇಟ್ ತಪ್ಪದೆ ತೆಗೆದಿಡಿ.

ಇವತ್ತೇ ಪೋರ್ಟಲ್‌ಗೆ ಹೋಗಿ ಪ್ರೊಫೈಲ್‌ನಲ್ಲಿರುವ ಮೊಬೈಲ್, ಇಮೇಲ್ ನಿಮ್ಮದೇನಾ ನೋಡಿ. ಹಾಕಿದ ರಿಟರ್ನ್ಸ್ ಡೌನ್‌ಲೋಡ್ ಮಾಡಿ, ಕಡಿತಗಳ ಪುಟ ಓದಿ. ನೀವು ಕೊಡದ ದೇಣಿಗೆ, ಕಟ್ಟದ ಪ್ರೀಮಿಯಂ ಅಲ್ಲಿದ್ದರೆ, ನೋಟಿಸ್ ಬರುವ ಮುಂಚೆಯೇ ಆಡಿಟರ್ ಹಿಡಿದು ಅಪ್‌ಡೇಟೆಡ್ ರಿಟರ್ನ್ (ಹಳೆಯದರ ತಪ್ಪು ತಿದ್ದಿ ಹಾಕುವ ರಿಟರ್ನ್) ಹಾಕಿಸಿ. ಈಗ ಅದಕ್ಕೆ 48 ತಿಂಗಳ ಅವಕಾಶವಿದೆ. ಮೊದಲ ವರ್ಷದಲ್ಲಾದರೆ ತೆರಿಗೆ, ಬಡ್ಡಿಯ ಮೇಲೆ ಶೇ 25 ಹೆಚ್ಚುವರಿ, ನಾಲ್ಕನೇ ವರ್ಷಕ್ಕೆ ಹೋದರೆ ಶೇ 70.