ಮಲೆನಾಡಿನ ಏರುದಾರಿಯಲ್ಲಿ ನಿಯೋಬೋಲ್ಟ್

ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಅಡಿಕೆ ಮರ ಹತ್ತಿ, ಜಾರಿ ಬಿದ್ದು, ಬೆನ್ನುಹುರಿಗೆ ಪೆಟ್ಟಾಗಿ ಮನೆಯಲ್ಲೇ ಉಳಿದವರು ನಮ್ಮ ತೀರ್ಥಹಳ್ಳಿಯ ಕಡೆ ಇದ್ದಾರೆ. ನನ್ನ ತಮ್ಮನೂ ಅವರಲ್ಲೊಬ್ಬ. ಆರು ವರ್ಷ ಅವನ ಓಡಾಟ ಜಗಲಿಯ ಅಂಚಿಗೆ ಮುಗಿಯುತ್ತಿತ್ತು, ಏಕೆಂದರೆ ಸಾಮಾನ್ಯ ಗಾಲಿಕುರ್ಚಿಯ ಸಣ್ಣ ಮುಂಚಕ್ರಗಳು ಅಂಗಳದ ಜಲ್ಲಿಯಲ್ಲೇ ಹೂತುಹೋಗುತ್ತಿದ್ದವು. ಒಂದು ವರ್ಷದಿಂದ ಅವನು ನಿಯೋಬೋಲ್ಟ್ ಬಳಸುತ್ತಿದ್ದಾನೆ.

ಇದು ಗಾಲಿಕುರ್ಚಿಯ ಮುಂದೆ ಜೋಡಿಸುವ, ಬ್ಯಾಟರಿಯಿಂದ ಓಡುವ ಚಕ್ರ. ಜೋಡಿಸಿದೊಡನೆ ಮುಂದಿನ ಸಣ್ಣ ಚಕ್ರಗಳು ನೆಲ ಬಿಟ್ಟು ಮೇಲೇಳುತ್ತವೆ, ಕುರ್ಚಿ ಮೂರು ಚಕ್ರದ ವಾಹನವಾಗುತ್ತದೆ. ವೇಗ ಗಂಟೆಗೆ 25 ಕಿ.ಮೀ. ಮೀರುವುದಿಲ್ಲ. ಮದ್ರಾಸ್ ಐಐಟಿಯಲ್ಲಿ ಪ್ರೊ. ಸುಜಾತಾ ಶ್ರೀನಿವಾಸನ್ ಅವರ ಪುನರ್ವಸತಿ ಸಾಧನಗಳ ಕೇಂದ್ರದಲ್ಲಿ ಹುಟ್ಟಿ, ನಿಯೋಮೋಷನ್ ಎಂಬ ನವೋದ್ಯಮದ ಮೂಲಕ 2021ರಲ್ಲಿ ಮಾರುಕಟ್ಟೆಗೆ ಬಂದ ಸಾಧನವಿದು. ಆಗ ಇದರ ಬೆಲೆ 55,000 ರೂಪಾಯಿ; ಬಳಸುವವರ ಮೈಅಳತೆಗೆ ತಕ್ಕಂತೆ ಅದೇ ನವೋದ್ಯಮ ಮಾಡಿಕೊಡುವ ನಿಯೋಫ್ಲೈ ಗಾಲಿಕುರ್ಚಿಗೆ 39,900 ರೂಪಾಯಿ. ಸಣ್ಣ ಹಿಡುವಳಿಯ ಮನೆಗೆ ಇದು ಹಗುರವಾದ ಮೊತ್ತವಲ್ಲ. ಆದರೂ ಕುರ್ಚಿ ಮೈಗೆ ಒಪ್ಪುವಂತಿರುವುದು ಸೊಗಸಿನ ಮಾತಲ್ಲ: ಅಳತೆ ತಪ್ಪಿದ ಕುರ್ಚಿಯಲ್ಲಿ ದಿನವಿಡೀ ಕೂತರೆ ಸ್ಪರ್ಶವಿಲ್ಲದ ಚರ್ಮದಲ್ಲಿ ಒತ್ತಡದ ಹುಣ್ಣುಗಳೇಳುತ್ತವೆ, ಅವು ಮಾಯಲು ತಿಂಗಳುಗಳೇ ಬೇಕಾಗುತ್ತವೆ.

ಈಗ ನನ್ನ ತಮ್ಮ ಅಡಿಕೆ ಮಂಡಿಗೆ ತಾನೇ ಹೋಗುತ್ತಾನೆ. ಮೊದಲ ಸಲ ಧಾರಣೆಯ ವಿಷಯದಲ್ಲಿ ವ್ಯಾಪಾರಿಯೊಡನೆ ವಾದಿಸಿ ಬಂದ ದಿನ ಅಮ್ಮ ಅತ್ತದ್ದನ್ನು ನಾನು ಮರೆಯಲಾರೆ.

ಮಲೆನಾಡಿನವರು ಒಂದು ವಿಷಯ ತಿಳಿದಿರಬೇಕು. ಮುಂಚಕ್ರದ ಬಲದಿಂದ ಓಡುವ ಯಾವುದೇ ಜೋಡಣೆಯಲ್ಲೂ ಕಡಿದಾದ ಏರಿನಲ್ಲಿ ಸವಾರನ ಭಾರ ಹಿಂದಕ್ಕೆ ವಾಲುವುದರಿಂದ, ಪಾಚಿಗಟ್ಟಿದ ಒದ್ದೆ ದಾರಿಯಲ್ಲಿ ಮುಂದಿನ ಚಕ್ರದ ಹಿಡಿತ ಕಡಿಮೆಯಾಗುತ್ತದೆ. ಆದ್ದರಿಂದ ಆಷಾಢದಲ್ಲಿ ನಮ್ಮ ಮನೆಯ ಏರನ್ನು ತಮ್ಮ ಒಬ್ಬನೇ ಹತ್ತುವುದಿಲ್ಲ. ಹಿಂದಿನಿಂದ ನಾನು ತಳ್ಳಿಕೊಡುತ್ತೇನೆ. ಪಂಕ್ಚರ್, ಬ್ರೇಕಿನ ರಿಪೇರಿ ಊರಿನ ಸೈಕಲ್ ಷಾಪಿನಲ್ಲೇ ಆಗುತ್ತದೆ, ಆದರೆ ಬ್ಯಾಟರಿ ಮತ್ತು ಮೋಟಾರನ್ನು ನಿಯಂತ್ರಿಸುವ ಕಂಟ್ರೋಲರ್‌ನ ಕೆಲಸ ತಿಳಿದವರು ನಮ್ಮ ಊರಿನಲ್ಲಿಲ್ಲ.

ಇಂಥ ಸಾಧನ ರೂಪಿಸುವ ಉದ್ಯಮಿಗಳಿಗೆ ನೆರವು ಕೊಡುವವರಲ್ಲಿ ನನ್ನದೊಂದು ಕೋರಿಕೆ ಇದೆ. ಕರ್ನಾಟಕ ಸರ್ಕಾರದ ಎಲಿವೇಟ್ ಯೋಜನೆ ನವೋದ್ಯಮಗಳಿಗೆ 50 ಲಕ್ಷ ರೂಪಾಯಿವರೆಗೆ ಅನುದಾನ ಕೊಡುತ್ತದೆ. ಅಂಗವಿಕಲರ ಸಂಚಾರ ಸಾಧನ ರೂಪಿಸುವವರಿಗೆ ಸಿಗುವ ಹಣದಲ್ಲಿ ಒಂದು ಪಾಲು ಆಗುಂಬೆಯ ಮಳೆಯಲ್ಲಿ, ಮಣ್ಣಿನ ಏರಿನಲ್ಲಿ ಸಾಧನವನ್ನು ಪರೀಕ್ಷಿಸುವುದಕ್ಕೂ, ತಾಲ್ಲೂಕಿಗೊಬ್ಬ ಮೆಕ್ಯಾನಿಕ್‌ಗೆ ತರಬೇತಿ ಕೊಡುವುದಕ್ಕೂ ಮೀಸಲಾಗಬೇಕು. ಅಡಿಕೆ ಸುಲಿಯುವ ಯಂತ್ರವನ್ನು ಬಿಚ್ಚಿ ಜೋಡಿಸುವ ಕೈಗಳು ನಮ್ಮಲ್ಲಿವೆ. ನಮ್ಮ ಸೈಕಲ್ ಷಾಪಿನ ಹುಡುಗ ಕಂಟ್ರೋಲರ್ ಕೆಲಸ ಕಲಿಸುವವರು ಯಾರಾದರೂ ಇದ್ದಾರೆಯೇ ಎಂದು ಎರಡು ಸಲ ತಮ್ಮನನ್ನು ಕೇಳಿದ್ದಾನೆ.