ಎರಡು ಸೋಲಾರ್ ಪ್ಯಾನೆಲ್, ಎರಡೂವರೆ ವರ್ಷ, ಒಂದು ಪಾರಿವಾಳ

ಈ ವಿಮರ್ಶೆಯಲ್ಲಿ ಹಕ್ಕಿಹಿಕ್ಕೆಯ ಮಾತೇ ಜಾಸ್ತಿ, ಮೊದಲೇ ಹೇಳಿಬಿಡುತ್ತೇನೆ. ವಾರಂಟಿ, ಸೆಲ್ಲಿನ (ಪ್ಯಾನೆಲ್ಲಿನೊಳಗೆ ಬಿಸಿಲನ್ನು ಕರೆಂಟು ಮಾಡುವ ಬಿಲ್ಲೆಯ) ಜಾತಿ, ಅಳತೆ ಎಲ್ಲ ನೀವು ಆಗಲೇ ಓದಿಕೊಂಡು ಬಂದಿರುತ್ತೀರಿ.

ನಮ್ಮ ತಾರಸಿಯ ಮೇಲಿರುವುದು 400 ವ್ಯಾಟ್‌ನ ಎರಡು ಪ್ಯಾನೆಲ್, ಒಂದೊಂದರ ಬೆನ್ನಿಗೂ ಒಂದೊಂದು ಮೈಕ್ರೋ ಇನ್ವರ್ಟರ್, ಅಂದರೆ ಪ್ಯಾನೆಲ್ಲಿನ ಕರೆಂಟನ್ನು ಮನೆಯ ಲೈನಿಗೆ ಹೊಂದುವಂತೆ ಬದಲಿಸುವ ಪುಟ್ಟ ಪೆಟ್ಟಿಗೆ. ಬ್ಯಾಟರಿ ಇಲ್ಲ, ಅಷ್ಟು ದುಡ್ಡಿರಲಿಲ್ಲ. ಬಿಸಿಲಿದ್ದಾಗ ಮನೆಗೆ ಬೇಕಾದ ಕರೆಂಟು ಮೊದಲು ಪ್ಯಾನೆಲ್ಲಿನಿಂದ ಬರುತ್ತದೆ, ಸಾಲದ್ದು ಲೈನಿನಿಂದ. ನಮ್ಮದು ಹೆಚ್ಚುವರಿಯ ಲೆಕ್ಕ ಹಿಡಿಯುವ ಮೀಟರಲ್ಲ, ಹಾಗಾಗಿ ಮಿಕ್ಕಿದ್ದೆಲ್ಲ ಹೊರಗಿನ ಲೈನಿಗೆ ಪುಕ್ಕಟೆ. ಹುಟ್ಟಿದ ಕರೆಂಟನ್ನು ಹುಟ್ಟಿದ ಹೊತ್ತಿಗೇ ಖರ್ಚು ಮಾಡಿದರಷ್ಟೇ ಉಳಿತಾಯ.

ಇದರಿಂದ ಮನೆಯ ವೇಳಾಪಟ್ಟಿಯೇ ತಿರುವುಮುರುವಾಯಿತು. ರಾತ್ರಿ ಹಾಕುತ್ತಿದ್ದ ವಾಷಿಂಗ್ ಮೆಷಿನ್ ಈಗ ಬೆಳಿಗ್ಗೆ ಹನ್ನೊಂದಕ್ಕೆ. ಅದು ನಿಂತ ಮೇಲೆ ಅರ್ಧ ಎಚ್‌ಪಿ ಪಂಪು. ಎರಡನ್ನೂ ಒಟ್ಟಿಗೆ ಹಾಕಿದರೆ ನಾನು ಕೂಗಾಡುತ್ತೇನೆ. ಮೊದಲ ತಿಂಗಳುಗಳಲ್ಲಿ ಹತ್ತು ನಿಮಿಷಕ್ಕೊಮ್ಮೆ ಮೊಬೈಲಿನಲ್ಲಿ ವ್ಯಾಟ್ ನೋಡುತ್ತಿದ್ದೆ, ಕ್ರಿಕೆಟ್ ಸ್ಕೋರ್ ನೋಡಿದ ಹಾಗೆ. ಅತಿ ಹೆಚ್ಚು ಅಂಕಿ ಕಾಣುವುದು ಸುಡುಬಿಸಿಲಲ್ಲಲ್ಲ. ಪ್ಯಾನೆಲ್ಲಿನ ಮೇಲೆ ಬರೆದ ವ್ಯಾಟ್ ಸೆಲ್ಲಿನ ತಾಪ 25 ಡಿಗ್ರಿ ಇದ್ದಾಗಿನ ಲೆಕ್ಕ. ಅದಕ್ಕಿಂತ ಏರುವ ಒಂದೊಂದು ಡಿಗ್ರಿಗೂ ಶೇ. 0.3ರಿಂದ 0.4ರಷ್ಟು ಇಳಿಯುತ್ತಾ ಹೋಗುತ್ತದೆ. ಮಳೆ ನಿಂತು, ಗಾಳಿ ಬೀಸುತ್ತಾ, ಮೋಡದ ಅಂಚು ಸರಿದು ಬಿಸಿಲು ಫಳ್ಳನೆ ಬಿದ್ದ ಒಂದು ಗಳಿಗೆಯಲ್ಲಿ ಎರಡೂ ಸೇರಿ 790 ತೋರಿಸಿದ್ದವು. ಅವತ್ತು ಮನೆಯವರನ್ನೆಲ್ಲ ಕರೆದು ತೋರಿಸಿದ್ದೆ.

ಏಳನೇ ತಿಂಗಳಲ್ಲಿ ಬಲಗಡೆಯ ಪ್ಯಾನೆಲ್ ಕೈಕೊಟ್ಟಿತು. ಎಡಗಡೆಯದು 310 ಕೊಡುತ್ತಿದ್ದರೆ ಇದು 205ರ ಮೇಲೆ ಏಳುತ್ತಲೇ ಇರಲಿಲ್ಲ. ಹಾಕಿಕೊಟ್ಟವರಿಗೆ ಫೋನ್ ಮಾಡಿದರೆ, “ಏನೂ ಆಗಿರಲ್ಲ, ಮಳೆ ಬಂದ್ರೆ ತಾನೇ ತೊಳ್ಕೊಳತ್ತೆ” ಎಂದರು. ಏಣಿ ಹತ್ತಿ ನೋಡಿದೆ. ಪಕ್ಕದ ಹಳೆಯ ಆಂಟೆನಾ ಕಂಬದ ಮೇಲೆ ಒಂದು ಪಾರಿವಾಳ ದಿನಾ ಅದೇ ಜಾಗದಲ್ಲಿ ಕೂರುತ್ತಿತ್ತು, ಅದರ ಹಿಕ್ಕೆ ದಿನಾ ಅದೇ ಜಾಗಕ್ಕೆ ಬೀಳುತ್ತಿತ್ತು. ಅಂಗೈಯಗಲ, ಸುಣ್ಣದ ಗಾರೆಯ ಹಾಗೆ ಗಟ್ಟಿ.

ಅಂಗೈಯಗಲಕ್ಕೆ ಮೂರನೇ ಒಂದು ಪಾಲು ಹೋಗುವುದೆಂದರೆ ಅನ್ಯಾಯ ಅನಿಸಿತು. ಸೆಲ್ಲುಗಳು ಸಾಲಾಗಿ ನಿಂತು ಇಟ್ಟಿಗೆ ಕೈದಾಟಿಸುವ ಆಳುಗಳಿದ್ದ ಹಾಗೆ. ಒಬ್ಬ ಕೈಕಟ್ಟಿ ನಿಂತರೆ ಆ ಸಾಲಿನ ಕೆಲಸವೇ ನಿಲ್ಲುತ್ತದೆ. ನಮ್ಮ ಪ್ಯಾನೆಲ್ಲಿನಲ್ಲಿ ಅಂಥ ಮೂರು ಸಾಲು. ನೆರಳು ಬಿದ್ದ ಸೆಲ್ ಕಾದು ಸುಟ್ಟುಹೋಗದಿರಲೆಂದು ಬೈಪಾಸ್ ಡಯೋಡ್ ಎಂಬ ಪುಟ್ಟ ಬಿಡಿಭಾಗ ಆ ಇಡೀ ಸಾಲನ್ನೇ ಬಿಟ್ಟು ಕರೆಂಟನ್ನು ಮುಂದಕ್ಕೆ ದಾಟಿಸುತ್ತದೆ. ಮಳೆಯ ಮಾತೂ ಅರ್ಧ ಸುಳ್ಳು. ಪ್ಯಾನೆಲ್ಲಿನ ಓರೆ ಕಮ್ಮಿಯಿದ್ದರೆ ಮಳೆ ಧೂಳನ್ನು ಕೆಳಗಿನ ಚೌಕಟ್ಟಿನ ತನಕ ತಂದು ಅಲ್ಲೇ ಕೆಸರಿನ ಗೆರೆ ಮಾಡಿಟ್ಟು ಹೋಗುತ್ತದೆ.

“ಬೆರ್ಚಪ್ಪನ್ನ ನಿಲ್ಸು” ಎಂದರು ಅತ್ತೆ. ನಿಲ್ಲಿಸಿದೆ, ಹಳೇ ಶರ್ಟು ಹಾಕಿ. ಮೂರು ದಿನ ಪಾರಿವಾಳ ಬರಲಿಲ್ಲ. ಮೂರೂ ದಿನ ಮಧ್ಯಾಹ್ನ ಎರಡಾದ ಮೇಲೆ ಬೆರ್ಚಪ್ಪನ ನೆರಳು ಪ್ಯಾನೆಲ್ಲಿನ ಮೇಲೆ!

ಕೊನೆಗೆ ಗತಿಯಾದದ್ದು ತೊಳೆಯುವ ಕೆಲಸವೇ. ಹದಿನೈದು ದಿನಕ್ಕೊಮ್ಮೆ, ಬಿಸಿಲೇರುವ ಮುಂಚೆ. ಕಾದ ಗಾಜಿಗೆ ತಣ್ಣೀರು ಎರಚಿದರೆ ಬಿರುಕು ಬಿಟ್ಟೀತು. ಒದ್ದೆ ಬಟ್ಟೆಯನ್ನು ಹಿಕ್ಕೆಯ ಮೇಲೆ ಹಾಸಿ ಕಾಫಿ ಕುಡಿದು ಬರುವಷ್ಟರಲ್ಲಿ ಅದು ನೆನೆದು ಮೆತ್ತಗಾಗಿರುತ್ತದೆ, ಕೆರೆಯದೆಯೇ ಜಾರಿ ಬರುತ್ತದೆ. ಆಮೇಲೆ ಉದ್ದ ಕೋಲಿನ ಮಾಪು. ಹಿಡಿದಿಟ್ಟ ಮಳೆನೀರಿದ್ದರೆ ಅದೇ. ಬೋರಿನ ಗಡಸು ನೀರು ಒಣಗಿದರೆ ಬಿಳಿ ಕಲೆ ಉಳಿಯುತ್ತದೆ. ಶುರುವಿನಲ್ಲಿ ಬೈಯುತ್ತಲೇ ತೊಳೆಯುತ್ತಿದ್ದೆ. ಈಗ ಒದ್ದೆ ಗಾಜಿನಲ್ಲಿ ಆಕಾಶ ಕೆಂಪಾಗುವುದನ್ನು ನೋಡುತ್ತಾ ಬೇಕಂತಲೇ ನಿಧಾನ ಮಾಡುತ್ತೇನೆ. ಇಷ್ಟು ವರ್ಷ ಇದೇ ಮನೆಯಲ್ಲಿದ್ದೂ ಆ ಹೊತ್ತಿಗೆ ತಾರಸಿ ಹತ್ತಿದವಳಲ್ಲ ನಾನು.

ಲೆಕ್ಕಕ್ಕೆ ಬರೋಣ. ತಿಂಗಳಿಗೆ 180 ಯೂನಿಟ್ ಸುಡುತ್ತಿದ್ದ ಮನೆಯ ಮೀಟರು ಈಗ 110ರ ಆಸುಪಾಸು ಓಡುತ್ತದೆ. ಹಗಲು ಮನೆಯಲ್ಲಿ ನಾವಿಬ್ಬರು ಇರುತ್ತೇವೆ, ಅದಕ್ಕೇ ಇಷ್ಟು. ಎಂಟಕ್ಕೆ ಬೀಗ ಹಾಕಿ ಏಳಕ್ಕೆ ಬರುವವರಿಗೆ ಫ್ರಿಜ್ಜು ತಿಂದಷ್ಟೇ ಲಾಭ. ಅವರು ಒಂದೇ ಪ್ಯಾನೆಲ್ ಹಾಕಿಸಿ ಸುಮ್ಮನಿರಲಿ. ಗೀಸರ್ ಓಡಿಸುವ ಆಸೆಯಿದ್ದರೆ ಬಿಡಿ, ಅದೊಂದೇ 2000 ವ್ಯಾಟ್ ಎಳೆಯುತ್ತದೆ. ಮತ್ತೆ, ಲೈನಿನಲ್ಲಿ ಕರೆಂಟು ಹೋದರೆ ಎಂಥ ಬಿಸಿಲಿದ್ದರೂ ಈ ಇನ್ವರ್ಟರೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಮ್ಮ ಕರೆಂಟು ಹೊಡೆಯಬಾರದಲ್ಲ, ಅದಕ್ಕೆ. ಸರಿಯಾದದ್ದೇ, ಆದರೂ ಫ್ಯಾನು ನಿಂತಾಗ ಉರಿಯುತ್ತದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಹೋದ ತಿಂಗಳು ಆ ಆಂಟೆನಾ ಕಂಬವನ್ನೇ ಕೀಳಿಸಿದೆ. ಪಾರಿವಾಳ ಈಗ ಪ್ಯಾನೆಲ್ಲಿನ ಚೌಕಟ್ಟಿನ ಮೇಲೇ ಕೂರುತ್ತದೆ. ಮುಖ ಬೀದಿ ಕಡೆಗೆ, ಬಾಲ ಗಾಜಿನ ಕಡೆಗೆ.